ಕಾ ಕೆಟ್ಟ ಹಾವಲ್ಲ ಪುಟ್ಟೀ

ಪ್ರೀತಿಯ ಪುಟ್ಟಿ,

ಅಜ್ಜಿ ಮನೆಯಲ್ಲಿ 'ಜಂಗಲ್ ಬುಕ್' ಕಾರ್ಟೂನ್ ನೋಡಿದೆಯಂತೆ. ಕಾ ಹೆಬ್ಬಾವು ಬಂದಾಗ ತುಂಬಾ ಹೆದರಿದೆ ಅಂತ ಅಜ್ಜಿ ಹೇಳಿದರು. ಆ ಹಾವಿನ ಬಗ್ಗೆ ನಿನಗೆ ಹೇಳಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ನೀನು ನೋಡಿದ್ದು 1967ರ ಡಿಸ್ನಿ ಸಿನಿಮಾ. ವಾಲ್ಟ್ ಡಿಸ್ನಿ ತಾವೇ ಮುಂದೆ ನಿಂತು ಮಾಡಿಸಿದ ಕೊನೆಯ ಕಾರ್ಟೂನ್ ಸಿನಿಮಾ ಅದು. ಬಿಡುಗಡೆಗೆ ಮೊದಲೇ, 1966ರ ಡಿಸೆಂಬರಿನಲ್ಲಿ, ಅವರು ತೀರಿಕೊಂಡರು. ಕಿಪ್ಲಿಂಗ್ ಬರೆದ ಕಥೆಯಲ್ಲಿ ಕತ್ತಲು ಜಾಸ್ತಿ ಅಂತ ಅವರಿಗೆ ಅನ್ನಿಸಿತ್ತು. ಅವರಿಗೆ ಬೇಕಿದ್ದದ್ದು ಹಾಡು, ನಗು. ಹಾಗಾಗಿ ತಪ್ಪು ಮಾಡಿದರೆ ಏಟು ಕೊಡುವ ಬಾಲೂ ಮೇಷ್ಟ್ರು ಬೆನ್ನು ತುರಿಸಿಕೊಂಡು ಹಾಡುವ ಕರಡಿಯಾದ. ಕೋತಿಗಳಿಗೆ ಲೂಯಿ ಅನ್ನೋ ರಾಜ ಬಂದ. ಪುಸ್ತಕದಲ್ಲಿ ಕೋತಿಗಳಿಗೆ ರಾಜನೇ ಇಲ್ಲ! ಇವೆಲ್ಲ ನನಗೂ ಇಷ್ಟವೇ. ಆದರೆ ಕಾ, ಪಾಪ, ಕಾಡಿನ ಹುಡುಗ ಮೋಗ್ಲಿಯನ್ನು ನುಂಗಲು ಹೊಂಚು ಹಾಕುವವನಾಗಿಬಿಟ್ಟ. ಅದೊಂದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ.

1894ರಲ್ಲಿ ಬಂದ ಪುಸ್ತಕದಲ್ಲಿ ಏನಿದೆ ಗೊತ್ತಾ? ಕೋತಿಗಳು ಮೋಗ್ಲಿಯನ್ನು ಹೊತ್ತುಕೊಂಡು ಪಾಳುಬಿದ್ದ ಊರಿಗೆ ಹೋಗುತ್ತವೆ. ಅವನನ್ನು ಬಿಡಿಸಲು ಬಾಲೂ, ಕರಿಚಿರತೆ ಬಗೀರಾ ಇಬ್ಬರ ಕೈಲೂ ಆಗುವುದಿಲ್ಲ. ಆಗ ಬರುವವನೇ ಕಾ. ಬೆಳದಿಂಗಳಲ್ಲಿ ಸುರುಳಿ ಸುತ್ತುತ್ತಾ, ಬಿಚ್ಚುತ್ತಾ ಕುಣಿಯುತ್ತಾನೆ. ಕೋತಿಗಳು ಮೈಮರೆತು ಹೆಜ್ಜೆ ಹೆಜ್ಜೆಯಾಗಿ ಅವನ ಹತ್ತಿರ ಸರಿಯುತ್ತವೆ. ಬಾಲೂ, ಬಗೀರಾ ಕೂಡ ಹಾಗೇ ಹೊರಟುಬಿಡುತ್ತಾರೆ! ಮೋಗ್ಲಿಗೆ ಮಾತ್ರ ಆ ಮಂತ್ರ ತಾಗುವುದಿಲ್ಲ. ಅವನು ಇಬ್ಬರ ಹೆಗಲ ಮೇಲೂ ಕೈಯಿಡುತ್ತಾನೆ. ಅಷ್ಟಕ್ಕೇ ಅವರಿಗೆ ಎಚ್ಚರವಾಗುತ್ತದೆ. ಆಮೇಲಿನ ಒಂದು ಕಥೆಯಲ್ಲಂತೂ ಮೋಗ್ಲಿ ಕಾನ ಸುರುಳಿಯೊಳಗೇ ಆರಾಮಾಗಿ ಒರಗಿ ಕೂತು, ಅವನು ಆಗಷ್ಟೇ ಕಳಚಿದ ಪೊರೆಯನ್ನು ಬೆರಳಲ್ಲಿ ಮುಟ್ಟಿ ನೋಡುತ್ತಿರುತ್ತಾನೆ. ಹೆದರಿಕೆ ಇರುವ ಕಡೆ ಯಾರಾದರೂ ಹಾಗೆ ಕೂರ್ತಾರಾ?

ಈ ಕಾನನ್ನು ತೆರೆಯ ಮೇಲೂ ನೋಡಬಹುದು. ಮಾಸ್ಕೋದ ಸೋಯುಜ್‌ಮುಲ್ತ್‌ಫಿಲ್ಮ್ ಸ್ಟುಡಿಯೋದವರು 1967ರಿಂದ 1971ರವರೆಗೆ ಐದು ಭಾಗಗಳಲ್ಲಿ ಮೋಗ್ಲಿಯ ಕಾರ್ಟೂನ್ ಮಾಡಿದರು. ಅದರಲ್ಲಿ ಕಾ ಸ್ನೇಹಿತನೇ. ಬಗೀರಾ ಅಲ್ಲಿ ಹೆಣ್ಣು. 1989ರ ಜಪಾನಿನ ಧಾರಾವಾಹಿಯಲ್ಲೂ ಕಾ ಒಳ್ಳೆಯವನು. ನಾವು ದೂರದರ್ಶನದಲ್ಲಿ ಹಿಂದಿಯಲ್ಲಿ ನೋಡುತ್ತಿದ್ದದ್ದು ಅದನ್ನೇ. ಹುಲಿ ಶೇರ್ ಖಾನ್‌ಗೆ ನಾನಾ ಪಾಟೇಕರ್ ಧ್ವನಿ. ಹಿಂದಿ ಅರ್ಧಂಬರ್ಧ ಅರ್ಥವಾದರೂ ಆ ಧ್ವನಿ ಕೇಳಿದರೆ ಸಾಕು, ಮನೆಯೆಲ್ಲ ಗಪ್‌ಚುಪ್.

ಅದಕ್ಕೂ ಎಷ್ಟೋ ಮೊದಲು, 1942ರ ಹಾಲಿವುಡ್ ಸಿನಿಮಾದಲ್ಲಿ ಮೋಗ್ಲಿ ಆಗಿದ್ದದ್ದು ಯಾರು ಹೇಳು? ಸಾಬು. ನಮ್ಮ ಎಚ್.ಡಿ. ಕೋಟೆ ಕಡೆಯ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ! 'ಎಲಿಫೆಂಟ್ ಬಾಯ್' ಸಿನಿಮಾಗೆ ಹುಡುಗನನ್ನು ಹುಡುಕಿಕೊಂಡು ಮೈಸೂರಿಗೆ ಬಂದವರ ಕಣ್ಣಿಗೆ ಬಿದ್ದವನು. ಆನೆಗಳ ನಡುವೆಯೇ ಬೆಳೆದ ಅವನು ಪ್ರಾಣಿಗಳ ಪಕ್ಕ ನಿಲ್ಲುವ ರೀತಿ ನೋಡಬೇಕು ನೀನು.

ರಜೆ ಮುಗಿಸಿ ಬಾ. ಮೊದಲು ರಷ್ಯಾದ್ದು, ಆಮೇಲೆ ಸಾಬುವಿನದು ನೋಡೋಣ. ಕಾನ ಕುಣಿತದ ಭಾಗ ಮಾತ್ರ ನಾನೇ ಪುಸ್ತಕ ಹಿಡಿದು ಓದಿ ಹೇಳುತ್ತೇನೆ.

ಪ್ರೀತಿಯಿಂದ,
ಅಮ್ಮ