ಟೋಯಿಂಗ್ ಹಗ್ಗ ಬಿಚ್ಚಿಸಿದ ಲಾರಿ ಅಣ್ಣಾರಿಗೆ

ಹಾವೇರಿಯಿಂದ ಹುಬ್ಬಳ್ಳಿಗೆ ಬರುವಾಗ ಶಿಗ್ಗಾವಿ ದಾಟಿದ ಮೇಲೆ ನಮ್ಮ ಆಟೋಮ್ಯಾಟಿಕ್ ಪಿಕಪ್ ಕೈಕೊಟ್ಟಿತ್ತು. ಆಗ ಲಾರಿ ನಿಲ್ಲಿಸಿ ಇಳಿದು ಬಂದವರು ನೀವು. ಹೆಸರು ಕೇಳಿದರೆ ನಕ್ಕು ಹೋದಿರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಟ್ರ್ಯಾಕ್ಟರಿನವರು ಪಾಪ, ಎಳೆಯಲು ಹಗ್ಗ ಕಟ್ಟಿಯಾಗಿತ್ತು. ನೀವು ಬಿಚ್ಚಿಸಿದಿರಿ. ಈ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಆಯಿಲ್ ತಳ್ಳುವ ಪಂಪ್ ಎಂಜಿನ್ ಓಡಿದರೆ ಮಾತ್ರ ತಿರುಗುತ್ತದೆ. ಎಂಜಿನ್ ಬಂದ್ ಆಗಿದ್ದು ಚಕ್ರ ಉರುಳಿದರೆ ಒಳಗಿನ ಭಾಗಗಳು ಆಯಿಲ್ ಇಲ್ಲದೇ ತಿರುಗಿ ಸವೆಯುತ್ತವೆ. ನ್ಯೂಟ್ರಲ್‌ನಲ್ಲಿ ಇಟ್ಟರೂ ತಪ್ಪದು. ನಮ್ಮದು ಫೋರ್ ವೀಲ್ ಡ್ರೈವ್ ಬೇರೆ, ನಾಲ್ಕೂ ಚಕ್ರ ನೆಲ ಬಿಡಬೇಕು. ಇಡೀ ಪಿಕಪ್ಪನ್ನೇ ಮೇಲೆ ಹೇರಿಕೊಂಡು ಒಯ್ಯುವ ಫ್ಲಾಟ್‌ಬೆಡ್ ಗಾಡಿಗೆ ಫೋನ್ ಮಾಡಿದ್ದೂ ನೀವೇ.

ಗ್ಯಾರೇಜಿನಲ್ಲಿ ನೋಡಿದರೆ ಗೇರ್‌ಬಾಕ್ಸ್ ಆಯಿಲ್ ತಂಪು ಮಾಡುವ ಕೂಲರಿನ ಪೈಪ್ ಸೋರಿ ಆಯಿಲ್ ಇಳಿದಿತ್ತು. ಉಳಿದದ್ದು ಕೆಂಪು ಹೋಗಿ ಕಂದು ಬಣ್ಣಕ್ಕೆ ತಿರುಗಿತ್ತು, ಆದರೆ ಸುಟ್ಟ ವಾಸನೆ ಇರಲಿಲ್ಲ. ಪೈಪ್, ಫಿಲ್ಟರ್, ಹೊಸ ಆಯಿಲ್, ಅಷ್ಟರಲ್ಲೇ ಮುಗಿಯಿತು. ‘ಈ ಆಯಿಲ್ ಜೀವನಪೂರ್ತಿ ಬದಲಿಸುವುದು ಬೇಡ’ ಅನ್ನುವ ಮಾತನ್ನು ನಂಬಬೇಡಿ ಅಂದಿರಲ್ವಾ? ಬ್ಯಾಡಗಿ ಮೆಣಸಿನಕಾಯಿ ಚೀಲ ಹೇರಿ ಬಿಸಿಲಲ್ಲಿ ಓಡುವ ಗಾಡಿಗೆ ಬೇಗ ಬದಲಿಸುವುದೇ ಸರಿ ಅಂತ ಮೆಕ್ಯಾನಿಕ್ಕೂ ಹೇಳಿದರು.

ತುಂಬಾ ಥ್ಯಾಂಕ್ಸ್ ಅಣ್ಣಾರೆ. ಹುಬ್ಬಳ್ಳಿಗೆ ಬಂದರೆ ಗಿರಮಿಟ್ಟು, ಮಿರ್ಚಿ ನನ್ನ ಲೆಕ್ಕ.