ಆಟದ ಹುಚ್ಚು ಬೇಕು

ಸಂಪಾದಕರೇ,

ವೃತ್ತಿಪರ ಆಟಗಾರರು ದುಡ್ಡಿಗಾಗಿಯೇ ಆಡುತ್ತಾರೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ನಮ್ಮ ಕೊಡಗಿನ ಟೆನಿಸ್ ಆಟಗಾರ ರೋಹನ್ ಬೋಪಣ್ಣ ಅವರನ್ನು ನೋಡಿದವರು ಹಾಗೆ ಹೇಳಲಾರರು. 2021ರ ಆರಂಭದಲ್ಲಿ ಒಂದರ ಹಿಂದೆ ಒಂದು ಪಂದ್ಯ ಸೋತರು. ಮಂಡಿ ಸವೆದಿತ್ತು, ನೋವಿನ ಮಾತ್ರೆ ನುಂಗಿ ಆಡುತ್ತಿದ್ದರು. ಆಟ ಬಿಡುವ ಯೋಚನೆಯೂ ಬಂದಿತ್ತು. ಬಿಡಲಿಲ್ಲ. ಅಯ್ಯಂಗಾರ್ ಯೋಗ ಹಿಡಿದು ಕಾಲಿಗೆ ಬಲ ತಂದುಕೊಂಡರು. 2024ರಲ್ಲಿ ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ! ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಕೂಡ ಆದರು. ಆ ವಯಸ್ಸಿಗೆ ಹೆಚ್ಚಿನವರು ರಾಕೆಟ್ ಕೆಳಗಿಟ್ಟಿರುತ್ತಾರೆ, ಅಲ್ವಾ?

ಬರೀ ಪ್ರತಿಭೆ ಇಷ್ಟು ದೂರ ಕರೆತರುವುದಿಲ್ಲ. ಈಗ ಹತ್ತು ವರ್ಷದ ಮಕ್ಕಳ ಮೇಲೂ ರ‍್ಯಾಂಕಿಂಗ್ ಒತ್ತಡ ಜಾಸ್ತಿ. ಪೋಷಕರು, ಕೋಚ್‌ಗಳು ಅವರನ್ನು ಮೊದಲು ಖುಷಿಯಿಂದ ಆಡಲು ಬಿಡಲಿ.

– ಓದುಗ, ಮೈಸೂರು