ಕಾನ್ಯೂರ್‌ಗೆ ಇಳಿಯಲು ಕಲಿಸುವುದು: ಗೆಳೆಯನಿಗೊಂದು ಪತ್ರ

ನೀರ್ಚಾಲು

ಪ್ರಿಯ ಗೋಪಾಲ,

ನಿನ್ನ ಸನ್ ಕಾನ್ಯೂರ್ ಗಿಳಿಯ ರೆಕ್ಕೆಯ ಫೋಟೋ ನೋಡಿದೆ. ಅಂಗಡಿಯವರು ಎರಡೂ ಬದಿಯ ಉದ್ದ ಗರಿಗಳನ್ನು ಒಂದೇ ಗೆರೆಯಲ್ಲಿ ಕತ್ತರಿಸಿದ್ದಾರೆ, ಬದಿಗೆ ಆರಾರು. ಸಮ ಕತ್ತರಿಸಿದ್ದೇ ಪುಣ್ಯ ಮಾರಾಯ. ಒಂದೇ ರೆಕ್ಕೆಗೆ ಕತ್ತರಿ ಹಾಕಿ ಮಾರುವವರೂ ಇದ್ದಾರೆ. ಅಂಥ ಹಕ್ಕಿ ಜಿಗಿದರೆ ಗಿರಕಿ ಹೊಡೆದು ನೆಲಕ್ಕೆ ಬೀಳುತ್ತದೆ. ಗರಿ ಬಂದ ಮೇಲೆ ತನ್ನಷ್ಟಕ್ಕೆ ಹಾರುತ್ತದಲ್ಲವಾ ಎಂದು ಕೇಳಿದ್ದೀ. ಹಾರುತ್ತದೆ. ಇಳಿಯಲು ಮಾತ್ರ ಗೊತ್ತಿರುವುದಿಲ್ಲ. ಮನೆಯೊಳಗೆ ಹಕ್ಕಿಗೆ ಏಟಾಗುವುದು ಹೆಚ್ಚಾಗಿ ಅಲ್ಲಿಯೇ. ಹಾಗಾಗಿ ಗರಿ ಪೂರ್ತಿ ಬರಲಿ ಎಂದು ಕಾಯಬೇಡ, ಇಳಿಯುವ ಪಾಠ ಈಗಲೇ ಶುರುವಾಗಲಿ.

ಗರಿಯ ಲೆಕ್ಕ ಹೀಗೆ. ರೆಕ್ಕೆಯ ತುದಿಯ ಕಡೆ ಹತ್ತು ದೊಡ್ಡ ಗರಿಗಳಿರುತ್ತವೆ, ಹಕ್ಕಿಯನ್ನು ಮುಂದಕ್ಕೆ ಎಳೆಯುವುದು ಅವೇ. ಕತ್ತರಿಸಿದ ಗರಿ ಮತ್ತೆ ಉದ್ದವಾಗುವುದಿಲ್ಲ. ಆ ತುಂಡು ಬುಡದಿಂದ ಉದುರಬೇಕು, ಅದೇ ಕುಳಿಯಿಂದ ಹೊಸದು ಬರಬೇಕು. ಗಿಳಿ ಜಾತಿಯಲ್ಲಿ ಉದುರುವುದು ನಡುವಿನ ಗರಿಯಿಂದ ಶುರುವಾಗಿ ಎರಡೂ ಕಡೆಗೆ ಹೋಗುತ್ತದೆ, ಎಡ ಬಲ ಹೆಚ್ಚುಕಡಿಮೆ ಜೋಡಿಯಾಗಿ. ಪೂರ್ತಿ ಮುಗಿಯಲು ಹಲವು ತಿಂಗಳು ಬೇಕು, ಕೆಲವು ಹಕ್ಕಿಗಳಿಗೆ ವರ್ಷ ದಾಟುತ್ತದೆ. ಬೇಗ ಬರಲಿ ಎಂದು ಮೊಂಡು ಗರಿಯನ್ನು ಕೀಳಲು ಹೋಗಬೇಡ, ಯಾರಾದರೂ ಕಿತ್ತುಕೊಡುತ್ತೇನೆ ಎಂದರೂ ಬೇಡ. ನೋವು ಒಂದು ಕಡೆ, ಕುಳಿಗೆ ಪೆಟ್ಟಾದರೆ ಅಲ್ಲಿ ಮತ್ತೆ ಸರಿಯಾದ ಗರಿಯೇ ಬರಲಿಕ್ಕಿಲ್ಲ.

ಹೊಸ ಗರಿ ಹೊರಡುವಾಗ ಬಿಳಿ ಪೊರೆಯೊಳಗೆ ಸುತ್ತಿಕೊಂಡಿರುತ್ತದೆ, ಬುಡ ನೀಲಿ ಮಿಶ್ರಿತ ಕಪ್ಪಾಗಿ ಕಾಣುತ್ತದೆ. ಆ ಕಪ್ಪು ರಕ್ತದ್ದು. ಪಕ್ಕದಲ್ಲಿ ಪೂರ್ತಿ ಗರಿ ಇದ್ದರೆ ಅದು ಗೋಡೆಯ ಹಾಗೆ ಕಾಯುತ್ತದೆ. ನಿನ್ನ ಹಕ್ಕಿಗೆ ಆ ಆಸರೆ ಇಲ್ಲ, ಹೊಸದು ಒಂಟಿಯಾಗಿ ಚಾಚಿಕೊಂಡಿರುತ್ತದೆ. ರೆಕ್ಕೆ ಬಡಿದು ಸರಳಿಗೆ ತಾಗಿದರೆ ಮುರಿದು ರಕ್ತ ಸುರಿಯುತ್ತದೆ. ಹಾಗಾದರೆ ಅಡುಗೆಗೆ ಬಳಸುವ ಕಾರ್ನ್‌ಫ್ಲೋರ್ ಮುರಿದಲ್ಲಿಗೆ ಹಚ್ಚಿ ಶುಚಿ ಬಟ್ಟೆಯಿಂದ ಕೆಲವು ನಿಮಿಷ ಒತ್ತಿ ಹಿಡಿ. ಎದೆಯನ್ನು ಮಾತ್ರ ಅಮುಕಬೇಡ, ಎದೆಗೂಡು ಆಡಿದರೇ ಹಕ್ಕಿಗೆ ಉಸಿರು. ರಕ್ತ ನಿಲ್ಲದಿದ್ದರೆ ವೈದ್ಯರಲ್ಲಿಗೆ ಹೋಗಲೇಬೇಕು. ಹತ್ತಿರದ ಮೃಗಾಸ್ಪತ್ರೆಯಲ್ಲಿ ದನ, ನಾಯಿಗಳನ್ನೇ ಹೆಚ್ಚಾಗಿ ನೋಡುವುದಾದರೆ ಹಕ್ಕಿ ನೋಡುವವರು ಮಂಗಳೂರಲ್ಲಿ ಯಾರಿದ್ದಾರೆಂದು ಈಗಲೇ ವಿಚಾರಿಸಿ ಇಟ್ಟುಕೋ.

ಗರಿ ಬರುವ ಕಾಲಕ್ಕೆ ಹೊಟ್ಟೆಗೂ ಸರಿಯಾಗಿ ಬೇಕು. ಬರೀ ಸೂರ್ಯಕಾಂತಿ ಬೀಜ ತಿಂದು ಬೆಳೆದ ಹಕ್ಕಿಯ ಗರಿಯಲ್ಲಿ ಅಡ್ಡಕ್ಕೆ ತೆಳುಗೆರೆ ಬೀಳುತ್ತದೆ, ಮುರಿಯುವುದು ಆ ಗೆರೆಯಲ್ಲೇ. ಮೊಳಕೆ ಬರಿಸಿದ ಹೆಸರುಕಾಳು, ಬೇಯಿಸಿದ ಕಡಲೆ, ವಾರಕ್ಕೆ ಒಂದೆರಡು ಸಲ ಬೇಯಿಸಿದ ಮೊಟ್ಟೆಯ ಚೂರು, ನುಗ್ಗೆಸೊಪ್ಪು, ಪಪ್ಪಾಯಿ, ಸಿಹಿಗುಂಬಳ, ಇವೆಲ್ಲ ನಿನ್ನ ಹಿತ್ತಿಲಲ್ಲೇ ಉಂಟು. ಬೆಣ್ಣೆಹಣ್ಣು ಮಾತ್ರ ಚೂರೂ ಬೇಡ, ಅದು ಗಿಳಿಗೆ ವಿಷ. ಬೆಳಗಿನ ಬಿಸಿಲಿಗೆ ಗೂಡನ್ನು ಜಗಲಿಯಲ್ಲಿಡು, ಅರ್ಧ ನೆರಳಿರಲಿ. ಮೈಯಲ್ಲಿ ವಿಟಮಿನ್ ಡಿ ಆಗಲು ಗಾಜಿನ ಒಳಗಿಂದ ಬರುವ ಬಿಸಿಲು ಸಾಲದು.

ಇನ್ನು ಕೋಣೆ. ನಿಮ್ಮ ಚಾವಡಿಗಿಂತ ಮಲಗುವ ಕೋಣೆ ವಾಸಿ, ಮಂಚ ಹಾಸಿಗೆ ಇರುತ್ತದಲ್ಲ. ಕಾವಿ ನೆಲವಾಗಲಿ ಟೈಲ್ಸ್ ಆಗಲಿ, ಗರಿ ಕಡಿಮೆ ಇರುವ ಹಕ್ಕಿ ಬಿದ್ದರೆ ಮೊದಲು ತಾಗುವುದು ಎದೆಯ ನಡುಮೂಳೆ. ಅದರ ಮೇಲೆ ಚರ್ಮ ಬಿಟ್ಟರೆ ಬೇರೇನೂ ಇಲ್ಲ; ಒಂದೇ ಜಾಗಕ್ಕೆ ಎರಡು ಮೂರು ಸಲ ಪೆಟ್ಟಾದರೆ ಚರ್ಮ ಒಡೆದು ಗಾಯ ಮಾಯುವುದು ಬಹಳ ಕಷ್ಟ. ಮಂಚದ ಸುತ್ತಲೂ ಚಾಪೆಯ ಮೇಲೆ ದಪ್ಪ ಕಂಬಳಿ ಹಾಸು. ಕಪಾಟಿನ ಹಿಂದಿನ ಸಂದಿಗೆ ಹಳೆ ಬಟ್ಟೆ ತುರುಕು, ಅಲ್ಲಿಗೆ ಜಾರಿದ ಹಕ್ಕಿಯನ್ನು ತೆಗೆಯುವುದು ದೊಡ್ಡ ರಗಳೆ.

ಫ್ಯಾನ್ ವಿಷಯ ಬಿಡಿಸಿ ಹೇಳಬೇಕು. ಸ್ವಿಚ್ ಆರಿಸುವುದು ಎಲ್ಲರಿಗೂ ಗೊತ್ತು. ತಪ್ಪುವುದು ಕರೆಂಟು ಹೋದಾಗ. ಗಾಳಿಮಳೆಗೆ ಕರೆಂಟು ಹೋಗಿ ಫ್ಯಾನ್ ತಾನಾಗಿ ನಿಂತಿರುತ್ತದೆ, ಸ್ವಿಚ್ ಒತ್ತಿದ್ದು ಹಾಗೇ ಇರುತ್ತದೆ. ಹಕ್ಕಿ ಹೋಗಿ ನಿಂತ ರೆಕ್ಕೆಯ ಮೇಲೆ ಕೂರುತ್ತದೆ. ಕರೆಂಟು ಬಂತು ಅಂದರೆ ಮುಗಿಯಿತು. ಆದ್ದರಿಂದ ಆ ಕೋಣೆಯ ಫ್ಯಾನಿನ ಸ್ವಿಚ್ ಆರಿಸಿ ಅದರ ಮೇಲೆ ಇನ್ಸುಲೇಷನ್ ಟೇಪ್ ಅಂಟಿಸಿಬಿಡು. ನೆಂಟರು, ಮಕ್ಕಳು ಯಾರು ಬಂದರೂ ಟೇಪ್ ಕಂಡರೆ ಕೈ ಹಿಂದೆ ಹೋಗುತ್ತದೆ.

ನಿಮ್ಮದು ಹಂಚಿನ ಮನೆ. ಮುಚ್ಚಿಗೆ ಇಲ್ಲದ ಕೋಣೆಯಲ್ಲಿ ಗೋಡೆಗೂ ಮಾಡಿಗೂ ನಡುವೆ ಸಂದು ಇರುತ್ತದೆ, ವೆಂಟಿಲೇಟರಿಗೆ ಬಲೆ ಇರುವುದಿಲ್ಲ. ಸೊಳ್ಳೆಬಲೆ ಹೊಡೆದರೆ ಸಾಕಾಗುವುದಿಲ್ಲ, ಕಾನ್ಯೂರ್ ಅದನ್ನು ಐದು ನಿಮಿಷದಲ್ಲಿ ಹರಿಯುತ್ತದೆ. ತುಕ್ಕು ಹಿಡಿಯದ ಸ್ಟೀಲಿನ ಬಲೆ ಬೇಕು. ಕಿಟಕಿ ಗಾಜಿಗೂ ಕಪಾಟಿನ ಕನ್ನಡಿಗೂ ಮೊದಲು ಪೇಪರ್ ಅಂಟಿಸು. ಆಮೇಲೆ ಹಕ್ಕಿಯನ್ನು ಕೈಮೇಲೆ ಕೂರಿಸಿಕೊಂಡು ಗಾಜಿನ ಹತ್ತಿರ ಹೋಗಿ ಕೊಕ್ಕಿನಿಂದ ಅದೇ ತಟ್ಟಿ ನೋಡುವಂತೆ ಮಾಡು, ಕೆಲವು ದಿನ. ಅದಾದ ಮೇಲೆ ಪೇಪರನ್ನು ಸ್ವಲ್ಪ ಸ್ವಲ್ಪವೇ ಕೀಳಬಹುದು. ಬಾಗಿಲ ಮೇಲ್ತುದಿಯಲ್ಲಿ ಕೂರುವುದು ಇವಕ್ಕೆ ಇಷ್ಟ. ಬಾಗಿಲು ಹಾಕುವ ಮೊದಲು ತಲೆ ಎತ್ತಿ ನೋಡುವ ಅಭ್ಯಾಸ ಮನೆಯವರೆಲ್ಲ ಮಾಡಿಕೊಳ್ಳಬೇಕು, ಹಕ್ಕಿಯ ಕಾಲ್ಬೆರಳು ತುಂಡಾಗುವುದು ಅಲ್ಲಿ. ಊದುಬತ್ತಿ, ಸೊಳ್ಳೆ ಕಾಯಿಲ್, ಲೋಬಾನದ ಹೊಗೆ ಆ ಕೋಣೆಗೆ ಬೇಡ. ನಾನ್‌ಸ್ಟಿಕ್ ಬಾಣಲೆ ಅತಿಯಾಗಿ ಕಾದರೆ ಬರುವ ಆವಿ ಪಕ್ಕದ ಕೋಣೆಯಲ್ಲಿರುವ ಹಕ್ಕಿಯನ್ನೂ ಕೊಲ್ಲುತ್ತದೆ, ದೋಸೆಗೆ ಕಬ್ಬಿಣದ ಕಾವಲಿಯನ್ನೇ ಇಡು.

ಕೂರುವ ಕೊಂಬೆಗೆ ಪೇರಳೆ ಒಳ್ಳೆಯದು. ಒಂದೂವರೆಯಿಂದ ಎರಡು ಸೆಂಟಿಮೀಟರ್ ದಪ್ಪ, ಸಿಪ್ಪೆ ಸಮೇತ, ಸ್ವಲ್ಪ ಅಂಕುಡೊಂಕಾಗಿದ್ದರೆ ಇನ್ನೂ ಒಳ್ಳೆಯದು. ಆದರೆ ಅಡಿಕೆ ತೋಟದ ಒಳಗಿನ ಪೇರಳೆಯಿಂದ ಕಡಿಯಬೇಡ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವಾಗ ಅದರ ಮೈಲುತುತ್ತಿನ ನೀರು ಕೆಳಗಿನ ಗಿಡಗಳಿಗೆಲ್ಲ ಹನಿದಿರುತ್ತದೆ, ಹಕ್ಕಿಯಾದರೋ ಕೊಂಬೆಯನ್ನು ದಿನವಿಡೀ ಕಚ್ಚುತ್ತದೆ. ಅಡಿಕೆ ಹಾಳೆಯನ್ನು ಹರಿಯಲು ಕೊಡುವಾಗಲೂ ಇದೇ ಎಚ್ಚರ. ಕಾಸರಕ, ಕಣಗಿಲೆ, ಗೇರು ಈ ಮೂರರ ಕೊಂಬೆ ಬೇಡವೇ ಬೇಡ. ತೆಂಗಿನ ನಾರಿನ ಹಗ್ಗ ಸುತ್ತಿದರೆ ಕಾಲು ಜಾರುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಅದರ ಎಳೆ ಬೆರಳಿಗೆ ಸುತ್ತಿ ರಕ್ತ ಕಟ್ಟುತ್ತದೆ. ಎರಡು ಕುರ್ಚಿಗಳ ಬೆನ್ನಿಗೆ ಒಂದೊಂದು ಕೊಂಬೆ ಬಿಗಿದು, ಕುರ್ಚಿ ಮೇಲೆ ಐದು ಕಿಲೋ ಅಕ್ಕಿಚೀಲ ಇಡು. ಇಳಿದಾಗ ಒಮ್ಮೆ ಅಲುಗಾಡಿದ ಕೊಂಬೆಗೆ ಹಕ್ಕಿ ಮತ್ತೆ ಸುಲಭಕ್ಕೆ ಬರುವುದಿಲ್ಲ.

ಪಾಠಕ್ಕೆ ಮೊದಲು ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿ, ಒಂದು ಗ್ರಾಂ ತೋರಿಸುವಂಥದ್ದು, ಸಾಕು. ಬೆಳಿಗ್ಗೆ ಮೊದಲ ಹಿಕ್ಕೆ ಹಾಕಿದ ಮೇಲೆ, ತಿನ್ನುವ ಮೊದಲು ತೂಗಿ ಬರೆದಿಡು. ಸನ್ ಕಾನ್ಯೂರ್ ಸುಮಾರು 100ರಿಂದ 120 ಗ್ರಾಂ ಇರುತ್ತದೆ. ಹಸಿವಿಟ್ಟು ಕಲಿಸುವ ಕ್ರಮ ಕೆಲವರಲ್ಲಿ ಉಂಟು, ನನಗೆ ಅದು ಸರಿ ಕಾಣುವುದಿಲ್ಲ. ಸೂರ್ಯಕಾಂತಿ ಬೀಜವನ್ನೂ ನವಣೆ ತೆನೆಯನ್ನೂ ಬಟ್ಟಲಿನಿಂದ ತೆಗೆದು ಪಾಠಕ್ಕೆ ಮಾತ್ರ ಇಟ್ಟರೆ ಆಸೆಯೇ ಸಾಕಾಗುತ್ತದೆ. ತೂಕ ಹತ್ತರಲ್ಲೊಂದು ಪಾಲು ಇಳಿದರೆ ಪಾಠ ನಿಲ್ಲಿಸಿ ವೈದ್ಯರಿಗೆ ತೋರಿಸು.

ಶುರುವಿಗೆ ರೆಕ್ಕೆ ಬಡಿಯುವ ವ್ಯಾಯಾಮ. ಮಂಚದ ಪಕ್ಕ ನಿಂತು, ಹಕ್ಕಿ ಕೈಮೇಲಿರುವಾಗ ಕೈಯನ್ನು ನಾಲ್ಕು ಬೆರಳಿನಷ್ಟು ಸರಕ್ಕನೆ ಇಳಿಸಿದರೆ ಅದು ಸಮತೋಲಕ್ಕೆ ರೆಕ್ಕೆ ಬಡಿಯುತ್ತದೆ. ಬಡಿದ ಕೂಡಲೇ ಬೀಜ. ಹೆಬ್ಬೆರಳಿನಿಂದ ಕಾಲ್ಬೆರಳು ಅದುಮಿ ಹಿಡಿಯುವವರಿದ್ದಾರೆ. ಹಿಡಿಯಬೇಡ, ಜಿಗಿಯುವ ಮನಸ್ಸಾದರೆ ಹಾಸಿಗೆಗೆ ಜಿಗಿಯಲಿ. ದಿನಕ್ಕೆ ಎರಡು ಮೂರು ಸಲ, ಒಂದೊಂದು ಸಲಕ್ಕೆ ಐದು ನಿಮಿಷ. ಕೊಕ್ಕು ತೆರೆದು ಏದುಸಿರು ಬಿಟ್ಟರೆ, ಉಸಿರಿನ ಜೊತೆ ಬಾಲ ಮೇಲೆ ಕೆಳಗೆ ಆಡಿದರೆ ನಿಲ್ಲಿಸು. ಎರಡು ನಿಮಿಷದಲ್ಲಿ ಉಸಿರು ಸರಿಯಾದರೆ ಬರೀ ಆಯಾಸ. ಆಗದಿದ್ದರೆ ಬೇರೇನೋ ತೊಂದರೆ ಉಂಟು, ತೋರಿಸು. ಹಕ್ಕಿಯನ್ನು ಮೇಲಕ್ಕೆ ಎಸೆದು ಹಾರಲು ಕಲಿಸುತ್ತೇವೆ ಎನ್ನುವವರ ವಿಡಿಯೋ ನೋಡಿರಬಹುದು. ಬಿದ್ದರೆ ಎದೆಮೂಳೆಗೆ ಪೆಟ್ಟು, ಬೀಳದಿದ್ದರೂ ನಿನ್ನ ಕೈಯ ಮೇಲಿನ ನಂಬಿಕೆ ಹೋಯಿತು.

ಆಮೇಲೆ ಕೊಂಬೆಯಿಂದ ಕೈಗೆ. ಮೊದಲು ಕಾಲಿಟ್ಟು ದಾಟುವಷ್ಟು ಹತ್ತಿರ. ಮುಂಗೈಯನ್ನು ಹಕ್ಕಿ ಬರುವ ದಾರಿಗೆ ಅಡ್ಡಲಾಗಿ, ಕೊಂಬೆಯ ಮಟ್ಟಕ್ಕೇ ಹಿಡಿ. ಇನ್ನೊಂದು ಕೈಯಲ್ಲಿ ಬೀಜ ಕಾಣುತ್ತಿರಲಿ. ಬಂದರೆ ಬೀಜ, ಬಾರದಿದ್ದರೆ ಹತ್ತು ಎಣಿಸಿ ಕೈ ತೆಗೆ, ಬೈಗುಳ ಬೇಡ. ಹಕ್ಕಿ ಗಾಳಿಯಲ್ಲಿರುವಾಗ ಕೈಯನ್ನು ಮುಂದೆ ಚಾಚಲೂಬಾರದು, ಹಿಂದೆ ಎಳೆಯಲೂಬಾರದು. ಅದು ದೂರ ಅಳೆದೇ ಜಿಗಿದಿರುತ್ತದೆ, ನೀನು ಅರ್ಧ ಗೇಣು ಕದಲಿದರೂ ಲೆಕ್ಕ ತಪ್ಪುತ್ತದೆ.

ಒಂದು ಗೇಣಿನಿಂದ ಒಂದು ಮೊಳದವರೆಗೆ ಬೇಗ ಸಾಗುತ್ತದೆ. ಅಲ್ಲಿಗೆ ನಿಲ್ಲುತ್ತದೆ. ಅಷ್ಟರವರೆಗೆ ಕಾಲಿನ ಜಿಗಿತವೇ ಸಾಕಿತ್ತು, ಇನ್ನು ಮುಂದೆ ರೆಕ್ಕೆಯನ್ನು ನಂಬಬೇಕು. ಕುತ್ತಿಗೆ ಉದ್ದ ಮಾಡುತ್ತದೆ, ಕೂತಲ್ಲೇ ರೆಕ್ಕೆ ಅರ್ಧ ಬಿಚ್ಚುತ್ತದೆ, ಮತ್ತೆ ಮುಚ್ಚುತ್ತದೆ, ಕೊಂಬೆಯ ತುದಿಗೆ ಹೋಗಿ ತಿರುಗಿ ಬರುತ್ತದೆ. ಹೆಚ್ಚಿನವರು ಸೋಲುವುದು ಇಲ್ಲಿ, ದೂರವನ್ನು ಒಮ್ಮೆಲೇ ಅರ್ಧ ಅಡಿ ಹೆಚ್ಚಿಸುವುದರಿಂದ. ಒಂದು ಇಂಚು ಹೆಚ್ಚಿಸು, ಮೂರು ಸಲ ಬರಲಿ, ಮತ್ತೊಂದು ಇಂಚು. ಎರಡು ಸಲ ಹಿಂಜರಿದರೆ ಹಿಂದಿನ ದೂರಕ್ಕೆ ಬಂದು, ಒಂದು ಸಲ ಸರಿಯಾಗಿ ಮಾಡಿಸಿ, ಅವತ್ತಿಗೆ ಮುಗಿಸು. ಒಂದೊಂದು ಬದಿಗೆ ಮೂರು ನಾಲ್ಕು ಹೊಸ ಉದ್ದ ಗರಿ ಪೊರೆ ಕಳಚಿ ಗಟ್ಟಿಯಾಗುವವರೆಗೆ ನಾಲ್ಕೈದು ಅಡಿಗಿಂತ ಹೆಚ್ಚು ಕೇಳಬೇಡ. ಸ್ನಾನ ಮಾಡಿದ ದಿನ ಗರಿ ಒಣಗದೆ ಪಾಠ ಬೇಡ. ಆಟಿ ತಿಂಗಳ ಮಳೆಗಾಲದ ಥಂಡಿಗೆ ಒಣಗಲು ತುಂಬ ಹೊತ್ತು ಬೇಕು.

ಇನ್ನು ಇಳಿಯುವುದು. ಮಟ್ಟಸವಾಗಿ ಹೋಗಿ ಕೊನೆಗೆ ಸ್ವಲ್ಪ ಮೇಲೇರುವ ಹಕ್ಕಿಗೆ ವೇಗ ತಾನಾಗಿ ತಗ್ಗುತ್ತದೆ, ಕೂರುವುದು ಸುಲಭ. ಮೇಲಿಂದ ಕೆಳಗೆ ಬರುವಾಗ ವೇಗ ಹೆಚ್ಚುತ್ತಲೇ ಹೋಗುತ್ತದೆ. ಬಾಲ ಬಿಡಿಸಿ, ಮೈ ನೆಟ್ಟಗೆ ಮಾಡಿ, ರೆಕ್ಕೆಯನ್ನು ಮುಂದಕ್ಕೆ ಬಡಿದು ತಡೆಯುವುದನ್ನು ಮರಿ ಇರುವಾಗಲೇ ಕಲಿಯಬೇಕಿತ್ತು, ಆಗಲೇ ಇದರ ಗರಿ ಹೋಯಿತು. ಅದಕ್ಕೇ ಹಕ್ಕಿ ಪರದೆಯ ಸರಳಿನ ಮೇಲೆ ಹೋಗಿ ಕೂತು ಗಂಟೆಗಟ್ಟಲೆ ಕೂಗುವುದು. ಹಟದಿಂದ ಅಲ್ಲ, ಇಳಿಯಲು ಬರುವುದಿಲ್ಲ. ಕೋಲು ಚಾಚಿ ಇಳಿಸಿಕೊಂಡರೆ ಅದು ಕಲಿಯುವುದೂ ಇಲ್ಲ.

ಕೊಂಬೆಯಿಂದ ಒಂದು ಗೇಣು ಕೆಳಗೆ ಕೈ ಹಿಡಿ, ಎರಡು ಅಡಿ ದೂರದಲ್ಲಿ. ಅದು ಸಲೀಸಾದ ಮೇಲೆ ಒಂದೂವರೆ ಗೇಣು, ಎರಡು ಗೇಣು. ಇಳಿಜಾರು ಕಡಿದಾದಷ್ಟೂ ಕಷ್ಟ, ಹಾಗಾಗಿ ಎತ್ತರ ಹೆಚ್ಚಿಸುವಾಗ ದೂರವನ್ನೂ ಹೆಚ್ಚಿಸು. ಕಪಾಟಿನ ತುದಿಯಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ಎಂದು ನಡುವೆ ತಂಗುದಾಣ ಇಟ್ಟರೆ ಮೆಟ್ಟಿಲಿಳಿದ ಹಾಗೆ ಬರುತ್ತದೆ. ಕೊನೆಗೆ ಬಾಗಿಲಿನಾಚೆ ನಿಂತು ಕರೆದು ಮೂಲೆ ತಿರುಗಿ ಬರುವುದನ್ನು ಕಲಿಸು. ನೆಲಕ್ಕೆ ಬಿದ್ದರೆ ಅಟ್ಟಿಸಿಕೊಂಡು ಹೋಗಬೇಡ, ಕೂತು ಕೈ ಚಾಚು, ತಾನೇ ಹತ್ತಲಿ.

ಹೊರಗಿನ ವಿಷಯ ಒಂದೇ ಮಾತು: ಹೆಗಲ ಮೇಲೆ ಕೂರಿಸಿಕೊಂಡು ಅಂಗಳಕ್ಕೆ ಇಳಿಯಬೇಡ. ಕತ್ತರಿಸಿದ್ದಲ್ಲವಾ ಎಂಬ ಧೈರ್ಯದಲ್ಲೇ ಹಕ್ಕಿ ಕಳೆದುಕೊಳ್ಳುವವರು ಹೆಚ್ಚು. ನಾಲ್ಕು ಗರಿ ಬಂದ ಕಾನ್ಯೂರ್‌ಗೆ ಕಡಲ ಕಡೆಯ ಗಾಳಿ ಒಂದು ಬೀಸಿದರೆ ತೆಂಗಿನ ತಲೆಗೆ ಏರಲು ಸಾಕು. ಅಲ್ಲಿಂದ ಕಡಿದಾಗಿ ಇಳಿಯಲು ಗೊತ್ತಿಲ್ಲ, ಕೆಳಗೆ ನೀನು ಬೀಜ ಹಿಡಿದು ಕೂಗಿದರೂ ಬರುವುದಿಲ್ಲ, ಕಾಗೆಗಳು ಬಿಡುವುದೂ ಇಲ್ಲ. ಹಾಗೇನಾದರೂ ಆದರೆ ಅದರ ಗೂಡನ್ನು ಕಾಣುವಂತೆ ಮಾಡಿನ ಮೇಲೋ ಉಪ್ಪರಿಗೆಯಲ್ಲೋ ಇಟ್ಟು ಅಷ್ಟು ಎತ್ತರದಿಂದ ಕರೆ, ಇಳಿಜಾರು ಕಡಿಮೆಯಾಗುತ್ತದೆ. ಕತ್ತಲಾದರೆ ಕೂತಲ್ಲೇ ಇರುತ್ತದೆ, ಮರುದಿನ ಬೆಳಕು ಹರಿಯುವ ಮೊದಲೇ ಅದೇ ಮರದಡಿಗೆ ಹೋಗು.

ಕಾಗದಪತ್ರ ಮಾಡಿಸಿದ್ದೀಯಾ? ಸನ್ ಕಾನ್ಯೂರ್ ವಿದೇಶಿ ಹಕ್ಕಿ, ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಲ್ಲಿರುವಂಥದ್ದು. 2024ರ ಫೆಬ್ರವರಿಯಲ್ಲಿ ಬಂದ ಕೇಂದ್ರದ ನಿಯಮದಂತೆ ಇದನ್ನು ಸಾಕುವವರು ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಅಂಗಡಿಯ ರಸೀದಿ ಬಿಸಾಡಬೇಡ. ನಿನ್ನ ಅಳಿಯ ತೋಟದ ಹಸಿರು ಗಿಳಿಮರಿ ತಂದು ಸಾಕುತ್ತೇನೆ ಎನ್ನುತ್ತಿದ್ದಾನಂತೆ; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ, ಪೊಟರೆಗೆ ಕೈ ಹಾಕದ ಹಾಗೆ ನೋಡಿಕೋ.

ಇಂತು ನಿನ್ನ,
ಶಂಕರ